ಸರಿದೂಗಿಕೆ: ಬಲಗುಂದಿದ ಹೃದಯಕ್ಕೆ ದೇಹದ ಆಸರೆ

ಹೃದಯದ ಸ್ನಾಯು ಬಲಗುಂದಿ, ಅದು ಹೊರದೂಡುವ ರಕ್ತದ ಪ್ರಮಾಣ ತಗ್ಗತೊಡಗಿದಾಗ, ಆ ಕೊರತೆಯನ್ನು ತುಂಬಲು ದೇಹವು ತಾನಾಗಿಯೇ ಮಾಡಿಕೊಳ್ಳುವ ಹೊಂದಾಣಿಕೆಗಳನ್ನು ಒಟ್ಟಾಗಿ ‘ಸರಿದೂಗಿಕೆ’ ಎನ್ನಬಹುದು. ಇದು ರೋಗವನ್ನು ಗುಣಪಡಿಸುವುದಿಲ್ಲ; ಬಹುಕಾಲ ಮರೆಮಾಡುತ್ತದೆ, ಅಷ್ಟೆ.

ವಿಶ್ರಾಂತಿಯಲ್ಲಿರುವ ವಯಸ್ಕರ ಹೃದಯವು ಬಡಿತವೊಂದಕ್ಕೆ ಸುಮಾರು 70 ಮಿಲಿಲೀಟರಿನಂತೆ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ಹೊರದೂಡುತ್ತದೆ. ಬಡಿತವೊಂದಕ್ಕೆ 50 ಮಿಲಿಲೀಟರ್ ಮಾತ್ರ ಹೊರಬಿದ್ದರೂ, ನಿಮಿಷಕ್ಕೆ 70ರ ಬದಲು 100 ಸಲ ಬಡಿದರೆ ಲೆಕ್ಕ ಮತ್ತೆ 5 ಲೀಟರಿಗೇ ಬಂದು ನಿಲ್ಲುತ್ತದೆ. ಅಡ್ರಿನಲಿನ್ ಮತ್ತು ನಾರ್‌ಅಡ್ರಿನಲಿನ್ ಎಂಬ ಹಾರ್ಮೋನುಗಳ ಪ್ರಚೋದನೆಯಿಂದ ಬಡಿತದ ವೇಗ ಏರುವುದಲ್ಲದೆ, ಚರ್ಮದ ರಕ್ತನಾಳಗಳು ಕಿರಿದಾಗಿ, ಮಿದುಳು ಮತ್ತು ಹೃದಯಗಳಿಗೆ ರಕ್ತ ಮೀಸಲಾಗುತ್ತದೆ. ಅಂಗೈ, ಪಾದಗಳು ತಣ್ಣಗಾಗುವುದು ಇದರಿಂದಲೇ.

ಇದಕ್ಕಿಂತ ಗಾಢವಾದ ಪರಿಣಾಮ ಮೂತ್ರಪಿಂಡಗಳದ್ದು. ತಮಗೆ ಬರುವ ರಕ್ತ ಕಡಿಮೆಯಾದಾಗ, ಅದು ಗಾಯದಿಂದ ರಕ್ತ ಸೋರಿದ್ದರಿಂದಲೋ, ಹೃದಯ ಸೋತಿದ್ದರಿಂದಲೋ ಎಂಬುದನ್ನು ಅವು ಗುರುತಿಸಲಾರವು. ಎರಡಕ್ಕೂ ಅವುಗಳ ಉತ್ತರ ಒಂದೇ: ರೆನಿನ್ ಎಂಬ ಕಿಣ್ವ ಬಿಡುಗಡೆಯಾಗುತ್ತದೆ, ಅದರಿಂದ ಆ್ಯಂಜಿಯೊಟೆನ್ಸಿನ್, ಆಲ್ಡೊಸ್ಟಿರೋನ್ ಎಂಬ ಹಾರ್ಮೋನುಗಳು ಹೆಚ್ಚಿ ಉಪ್ಪು ಮತ್ತು ನೀರು ದೇಹದಲ್ಲೇ ಉಳಿಯುತ್ತವೆ. ಮೊದಮೊದಲು ಇದರಿಂದ ಉಪಕಾರವೇ ಆಗುತ್ತದೆ. ಏಕೆಂದರೆ ಹೆಚ್ಚು ತುಂಬಿ ಹಿಗ್ಗಿದ ಸ್ನಾಯು ಹೆಚ್ಚು ಬಲವಾಗಿ ಸಂಕುಚಿಸುತ್ತದೆ. ಈ ಗುಣವನ್ನು ಫ್ರಾಂಕ್–ಸ್ಟಾರ್ಲಿಂಗ್ ನಿಯಮ ಎಂದು ಕರೆಯುತ್ತಾರೆ. ಬಲಗುಂದಿದ ಹೃದಯದಲ್ಲಿ ಈ ಲಾಭ ಬೇಗನೆ ಮುಗಿಯುತ್ತದೆ. ಆಮೇಲೆ ಹೆಚ್ಚಿದ ದ್ರವ ಶ್ವಾಸಕೋಶದಲ್ಲಿಯೂ ಕಾಲಿನಲ್ಲಿಯೂ ಸೇರಿ, ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿ ತೆಗೆದರೂ ಆ ಗುಳಿ ಸ್ವಲ್ಪ ಹೊತ್ತು ಹಾಗೆಯೇ ಉಳಿಯುತ್ತದೆ. ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆ.

ಈ ನಡುವೆ ಹೃದಯದ ಗೋಡೆ ದಪ್ಪವಾಗಬಹುದು, ಕೋಣೆಗಳು ಹಿಗ್ಗಬಹುದು. ಹಿಗ್ಗಿದ ಹೃದಯವೇ ನೀರನ್ನು ಹೊರಹಾಕಿಸುವ ಹಾರ್ಮೋನುಗಳನ್ನು ಸ್ರವಿಸುತ್ತದಾದರೂ, ರೋಗ ಮುಂದುವರಿದಂತೆ ಅವುಗಳ ಬಲ ಸಾಲುವುದಿಲ್ಲ. ಹೊಂದಾಣಿಕೆಗಳೆಲ್ಲ ಕೈಕೊಟ್ಟು ಲಕ್ಷಣಗಳು ಉಲ್ಬಣಿಸುವ ಈ ಹಂತಕ್ಕೆ ವೈದ್ಯರು ‘ಡಿಕಂಪೆನ್ಸೇಶನ್’ ಎನ್ನುತ್ತಾರೆ.

ಹೃದಯದ ಸಂಕೋಚನಶಕ್ತಿ ಕುಗ್ಗಿದವರಿಗೆ ಕೊಡುವ ಮುಖ್ಯ ಔಷಧಗಳಲ್ಲಿ ಹಲವು, ಹೃದಯವನ್ನು ಹುರಿದುಂಬಿಸುವ ಬದಲು ಈ ಸರಿದೂಗಿಕೆಯ ಅತಿಯನ್ನೇ ತಡೆಯುವುದು ನನ್ನ ಮಟ್ಟಿಗೆ ಈ ವಿಷಯದ ಅತ್ಯಂತ ಮಹತ್ವದ ಅಂಶ. ಬಡಿತವನ್ನು ನಿಧಾನಿಸುವ ಬೀಟಾ ಬ್ಲಾಕರ್‌ಗಳು ಸೋತ ಹೃದಯಕ್ಕೆ ಅಪಾಯಕರವೆಂದೇ ಒಂದು ಕಾಲದಲ್ಲಿ ಎಣಿಸಲಾಗಿತ್ತು. ಇಂದು ಅವನ್ನೇ, ರೋಗಿಯ ಸ್ಥಿತಿ ಸ್ಥಿರವಾಗಿರುವಾಗ, ಸಣ್ಣ ಪ್ರಮಾಣದಿಂದ ಆರಂಭಿಸಿ ನಿಧಾನವಾಗಿ ಏರಿಸುತ್ತಾ ಹೋಗುತ್ತಾರೆ.