ರಾಣಿ ಬಿದ್ದಳು, ಗುಲಾಮ ಯಾರ ಕೈಯಲ್ಲಿದ್ದಾನೆ?

ದೀಪಾವಳಿ ಬಂತೆಂದರೆ ಹುಬ್ಬಳ್ಳಿ, ಧಾರವಾಡ, ಗದಗಿನ ಓಣಿಗಳಲ್ಲಿ ಇಸ್ಪೀಟೆಲೆಗಳು ಹೊರಬರುತ್ತವೆ. ಸೋತವರು ‘ಇವತ್ತ ಎಲಿ ಚಲೋ ಬೀಳಲಿಲ್ಲ’ ಎಂದು ಕೂತ ಜಾಗ ಬದಲಿಸುತ್ತಾರೆ. ಗೆದ್ದವರ ಕೈಗುಣದ ಬಗ್ಗೆ ಮಾತು ನಡೆಯುತ್ತದೆ. ಅಂದರ್-ಬಾಹರ್‌ನಲ್ಲಿ ಬುದ್ಧಿಗೆ ಕೆಲಸವಿಲ್ಲವೆಂಬುದು ನಿಜ. ಆದರೆ ನಾಲ್ವರು ಇಬ್ಬಿಬ್ಬರ ಜೋಡಿಯಾಗಿ ಆಡುವ ಬ್ರಿಜ್ ಎಂಬ ಎಲೆಯಾಟವನ್ನೂ ಅದೇ ಸಾಲಿಗೆ ಸೇರಿಸಿ ಮಕ್ಕಳನ್ನು ಅದರಿಂದ ದೂರವಿಡುವುದು ಶುದ್ಧ ತಪ್ಪು ತಿಳಿವಳಿಕೆ. 1967ರಲ್ಲಿ ರಮ್ಮಿಯನ್ನು ಪ್ರಧಾನವಾಗಿ ಕೌಶಲದ ಆಟವೆಂದು ಹೇಳುವಾಗ ಸುಪ್ರೀಂ ಕೋರ್ಟ್, ಅದರಲ್ಲಿರುವ ಅದೃಷ್ಟದ ಅಂಶವನ್ನು ಬ್ರಿಜ್‌ನಲ್ಲಿ ಎಲೆ ಹಂಚುವಾಗಿನ ಅದೃಷ್ಟಕ್ಕೆ ಹೋಲಿಸಿತ್ತು.

ಬ್ರಿಜ್‌ನಲ್ಲಿ ಒಬ್ಬ ಆಟಗಾರನಿಗೆ ಬರಬಹುದಾದ 13 ಎಲೆಗಳ ಬೇರೆ ಬೇರೆ ಗುಂಪುಗಳು 63,501 ಕೋಟಿಗೂ ಹೆಚ್ಚು. ಹಾಗಿದ್ದರೆ ಒಳ್ಳೆಯ ಎಲೆ ಬಂದವನೇ ಗೆಲ್ಲುವುದಿಲ್ಲವೇ? ಸ್ಪರ್ಧೆಗಳಲ್ಲಿ ಇದಕ್ಕೆ ಪರಿಹಾರವಿದೆ: ಒಮ್ಮೆ ಹಂಚಿದ ಎಲೆಗಳನ್ನು ಹಾಗೆಯೇ ಒಂದು ಮೇಜಿನಿಂದ ಇನ್ನೊಂದಕ್ಕೆ ಸಾಗಿಸುತ್ತಾರೆ, ಮತ್ತು ನಿಮ್ಮ ಅಂಕವನ್ನು ಅದೇ ಎಲೆಗಳನ್ನು ಹಿಡಿದು ಆಡಿದ ಇತರರ ಅಂಕದೊಂದಿಗೇ ಹೋಲಿಸುತ್ತಾರೆ. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ಪ್ರಣಬ್ ಬರ್ಧನ್ ಮತ್ತು ಶಿಬನಾಥ್ ಸರ್ಕಾರ್ ಚಿನ್ನ ಗೆದ್ದದ್ದು ಕೈಗುಣದಿಂದಲ್ಲ.

ಆಟದ ನಿಯಮಗಳನ್ನು ಇಲ್ಲಿ ವಿವರಿಸುವುದಿಲ್ಲ. ತುರುಫಿನ ಆಟ ಬಲ್ಲವರಿಗೆ ಅವು ಬೇಗ ಬರುತ್ತವೆ. ನನ್ನನ್ನು ಮತ್ತೆ ಮತ್ತೆ ಬೆರಗುಗೊಳಿಸುವ ಒಂದೇ ಒಂದು ಸನ್ನಿವೇಶವನ್ನು ನೋಡೋಣ. ನಿಮ್ಮ ಕೈಯಲ್ಲಿ ಆಟೀನಿನ ಎಕ್ಕ, ರಾಜ, ಹತ್ತು ಮತ್ತು ಎರಡು ಸಣ್ಣ ಎಲೆಗಳಿವೆ. ಎದುರಿನ ಡಮ್ಮಿಯಲ್ಲಿ, ಅಂದರೆ ಮೇಜಿನ ಮೇಲೆ ತೆರೆದಿಟ್ಟ, ನೀವೇ ಆಡಿಸುವ ನಿಮ್ಮ ಜೊತೆಗಾರರ ಕೈಯಲ್ಲಿ, ಆಟೀನಿನ ನಾಲ್ಕು ಸಣ್ಣ ಎಲೆಗಳಿವೆ. ರಾಣಿ, ಗುಲಾಮ ಮತ್ತು ಎರಡು ಸಣ್ಣ ಎಲೆಗಳು ಎದುರಾಳಿಗಳ ಬಳಿ ಇವೆ. ನೀವು ಎಕ್ಕ ಇಳಿಸಿದಾಗ ಎಡಗಡೆಯವರಿಂದ ರಾಣಿ ಬೀಳುತ್ತದೆ. ಮುಂದೆ ಡಮ್ಮಿಯಿಂದ ಸಣ್ಣ ಎಲೆ ಆಡಿದಾಗ ಬಲಗಡೆಯವರೂ ಸಣ್ಣದನ್ನೇ ಹಾಕುತ್ತಾರೆ. ಈಗ ಗುಲಾಮ ಬಲಗಡೆಯಲ್ಲೇ ಇದ್ದಾನೆಂದು ನಂಬಿ ಹತ್ತನ್ನು ಹಾಕಬೇಕೋ, ಗುಲಾಮ ಎಡಗಡೆಯಲ್ಲಿದ್ದರೆ ಬೀಳಲಿ ಎಂದು ರಾಜನನ್ನು ಹಾಕಬೇಕೋ?

ಎಡಗಡೆಯವರ ಬಳಿ ರಾಣಿ-ಗುಲಾಮ ಎರಡೇ ಇರುವ ಸಂಭವ ಶೇ 6.78, ಒಂಟಿ ರಾಣಿಯಿರುವ ಸಂಭವ ಶೇ 6.22. ಇಷ್ಟನ್ನೇ ನೋಡಿದವರು ರಾಜನನ್ನು ಇಳಿಸುತ್ತಾರೆ. ಆದರೆ ಒಂಟಿ ರಾಣಿ ಇದ್ದವರಿಗೆ ಅದನ್ನು ಹಾಕದೆ ಗತಿಯಿರಲಿಲ್ಲ. ಎರಡೂ ಇದ್ದವರು ಗುಲಾಮನನ್ನೂ ಹಾಕಬಹುದಿತ್ತು. ಧಾರವಾಡದಲ್ಲಿ ಎರಡು ಅಂಗಡಿಗಳಿದ್ದು, ಒಂದರಲ್ಲಿ ಪೇಢೆ ಮಾತ್ರ, ಇನ್ನೊಂದರಲ್ಲಿ ಪೇಢೆ ಮತ್ತು ಕುಂದಾ ಎರಡೂ ಸಿಗುತ್ತವೆ ಎಂದುಕೊಳ್ಳಿ. ಮನೆಗೆ ಬಂದ ಬೀಗರು ಎರಡರಲ್ಲಿ ಯಾವುದೋ ಒಂದು ಅಂಗಡಿಗೆ ಹೋಗಿ, ಯಾವುದಾದರೂ ಒಂದೇ ಸಿಹಿಯನ್ನು ಕಟ್ಟಿಸಿಕೊಂಡು ಬಂದಿದ್ದಾರೆ. ಪೊಟ್ಟಣ ಬಿಚ್ಚಿದರೆ ಪೇಢೆ. ಅದು ಪೇಢೆ ಮಾತ್ರ ಮಾರುವ ಅಂಗಡಿಯದಾಗಿರುವ ಸಂಭವ ಇನ್ನೊಂದರ ಎರಡರಷ್ಟು, ಏಕೆಂದರೆ ಎರಡನೆಯ ಅಂಗಡಿಗೆ ಹೋಗಿದ್ದರೆ ಅರ್ಧ ಸಲ ಕುಂದಾ ಬರುತ್ತಿತ್ತು. ಹಾಗೆಯೇ ಶೇ 6.78ರಲ್ಲಿ ಅರ್ಧ, ಅಂದರೆ 3.39 ಮಾತ್ರ ನಮ್ಮ ಲೆಕ್ಕಕ್ಕೆ ಬರುತ್ತದೆ. ಅದನ್ನು 6.22ರ ಪಕ್ಕದಲ್ಲಿಟ್ಟು ನೋಡಿದರೆ ಹತ್ತನ್ನು ಹಾಕುವುದೇ ಸರಿ. ನೂರರಲ್ಲಿ ಸುಮಾರು 65 ಸಲ ಅದು ಗೆಲ್ಲುತ್ತದೆ.

ಇಂಗ್ಲೆಂಡಿನ ಪಾದ್ರಿ ಥಾಮಸ್ ಬೇಯ್ಸ್ ತೀರಿಕೊಂಡ ಮೇಲೆ, 1763ರಲ್ಲಿ ಪ್ರಕಟವಾದ ಅವರ ಪ್ರಬಂಧದ ಚಿಂತನೆಯೇ ಇದು. ಕಂಡದ್ದನ್ನು ಕಂಡಷ್ಟೇ ಎಣಿಸದೆ, ಕಾಣಬಹುದಾಗಿದ್ದೂ ಕಾಣದೆ ಹೋದದ್ದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ರೋಗಪರೀಕ್ಷೆಯ ವರದಿಯನ್ನು ಅರ್ಥೈಸುವಾಗಲೂ ಇದೇ ಗಣಿತ ಕೆಲಸ ಮಾಡುತ್ತದೆ.

ಆದರೆ ಈ 65 ಎಂಬ ಸಂಖ್ಯೆ ಎಡಗಡೆಯವರ ಅಭ್ಯಾಸವನ್ನು ಅವಲಂಬಿಸಿದೆ. ರಾಣಿ-ಗುಲಾಮ ಎರಡೂ ಇದ್ದಾಗ ಅವರು ತಪ್ಪದೆ ರಾಣಿಯನ್ನೇ ಹಾಕುವವರಾದರೆ ಅರ್ಧ ಕಳೆಯುವ ಪ್ರಶ್ನೆಯೇ ಇಲ್ಲ. ಆಗ ರಾಜನನ್ನು ಇಳಿಸುವುದೇ ತುಸು ಮೇಲು. ಅಂಥವರಿಂದ ಗುಲಾಮ ಬಿದ್ದರಂತೂ ರಾಣಿ ಬಲಗಡೆಯಲ್ಲಿರುವುದು ಖಂಡಿತ. ಆದ್ದರಿಂದ ಎದುರಾಳಿ ಯಾವ ಎಲೆಯನ್ನು ಯಾವಾಗ ಹಾಕುತ್ತಾರೆಂದು ಗಮನಿಸುತ್ತ ಆಡಬೇಕು, ಆಟ ಮುಗಿದ ಮೇಲೆ ನಾಲ್ಕೂ ಕೈಗಳನ್ನು ತೆರೆದಿಟ್ಟು ಚರ್ಚಿಸಬೇಕು. ನಿಮ್ಮ ಕೈಗೇ ರಾಣಿ-ಗುಲಾಮ ಎರಡೂ ಬಂದಾಗ, ಯಾವ ಕ್ರಮವೂ ಗೊತ್ತಾಗದಂತೆ ಒಮ್ಮೆ ಇದನ್ನು, ಒಮ್ಮೆ ಅದನ್ನು ಹಾಕಬೇಕು.