ಬರೆದವರಿಗಿಂತ ತಿದ್ದಿದವರು ಹೆಚ್ಚು ಕಲಿಯುತ್ತಾರೆ

ಕಾಲೇಜಿನ ಅರ್ಥಶಾಸ್ತ್ರ ವಿಭಾಗದಿಂದ ಪತ್ರಿಕೆ ತರೋಣ ಎಂದರೆ ಲೇಖನ ಕೊಡಲು ಹತ್ತು ಜನ ಮುಂದೆ ಬರುತ್ತಾರೆ, ತಿದ್ದಲು ಒಬ್ಬರೂ ಬರುವುದಿಲ್ಲ. ಪದವಿ ಮುಗಿದ ಮೇಲೂ ಕೈಬಿಡದ ವಿದ್ಯೆ ಇರುವುದು ಮಾತ್ರ ತಿದ್ದುವ ಕೆಲಸದಲ್ಲೇ.

ಭತ್ತದ ದರವನ್ನೇ ನೋಡಿ. ಸಿಂಧನೂರು, ಗಂಗಾವತಿ ಕಡೆ ದರ ಮಾತಾಡುವುದು 75 ಕೆ.ಜಿ. ಚೀಲದ ಲೆಕ್ಕದಲ್ಲಿ, ಬೆಂಬಲ ಬೆಲೆ ಘೋಷಣೆಯಾಗುವುದು ಕ್ವಿಂಟಲ್‌ಗೆ. 2024-25ರಲ್ಲಿ ಸಾಮಾನ್ಯ ಭತ್ತಕ್ಕೆ ಅದು 2,300 ರೂಪಾಯಿ ಇತ್ತು. 'ರೈತನಿಗೆ ಸಿಕ್ಕಿದ್ದು 1,800, ಹಾಗಾಗಿ 500 ನಷ್ಟ' ಎಂದು ಲೇಖನ ಬಂತು ಅನ್ನಿ. 1,800 ಚೀಲದ ದರವಾಗಿದ್ದರೆ ಕ್ವಿಂಟಲ್‌ಗೆ 2,400 ಆಯಿತು, ಅಂದರೆ ಬೆಂಬಲ ಬೆಲೆಗಿಂತ 100 ಹೆಚ್ಚು. ಇಡೀ ವಾದ ತಲೆಕೆಳಗು! ಇನ್ನೂ ಒಂದು ತೊಡಕಿದೆ. ಬೆಂಬಲ ಬೆಲೆಯ ಖರೀದಿಗೆ ತೇವಾಂಶ ಶೇ 17 ಮೀರುವಂತಿಲ್ಲ. ಯಂತ್ರದಲ್ಲಿ ಕೊಯ್ದು ಗದ್ದೆಯಿಂದ ನೇರವಾಗಿ ತಂದ ಹಸಿ ಭತ್ತದ ದರವನ್ನು ಅದರ ಪಕ್ಕ ಇಟ್ಟು ಹೋಲಿಸಿದರೆ ಲೆಕ್ಕ ಕೂಡುವುದಿಲ್ಲ.

ಬಳ್ಳಾರಿಯ ಅಂಕಿಅಂಶ ಇನ್ನೂ ಮೋಸಗಾರ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಗಿ ಆರು ತಾಲ್ಲೂಕುಗಳು ಹೋದವು, ಬಳ್ಳಾರಿಗೆ ಐದು ಉಳಿದವು. ರೇಖಾಚಿತ್ರದಲ್ಲಿ ಬಿತ್ತನೆ ಪ್ರದೇಶದ ಗೆರೆ ದಿಢೀರ್ ಕುಸಿದದ್ದನ್ನು ಕಂಡು 'ಬರದ ಪರಿಣಾಮ' ಎಂದು ಬರೆದುಬಿಡುವುದು ಸುಲಭ. ಎರಡೂ ಜಿಲ್ಲೆ ಕೂಡಿಸಿದರೂ ಸಾಲದು, ಏಕೆಂದರೆ ಹರಪನಹಳ್ಳಿ ಅದಕ್ಕೆ ಕೆಲವೇ ವರ್ಷ ಮುಂಚೆ ದಾವಣಗೆರೆಯಿಂದ ಬಳ್ಳಾರಿಗೆ ಸೇರಿತ್ತು. ತಾಲ್ಲೂಕುವಾರು ಅಂಕಿ ತೆಗೆದು ಹೊಸದಾಗಿ ಕೂಡಿಸುವುದೊಂದೇ ದಾರಿ.

ಇಂಥ ತಪ್ಪುಗಳು ಸಿಗಬೇಕಾದರೆ ಪ್ರತಿ ಲೇಖನ ಇಬ್ಬರ ಕೈಗೆ ಹೋಗಬೇಕು, ಲೇಖಕರ ಹೆಸರಿಲ್ಲದೆ. ಒಬ್ಬರು ಭಾಷೆ ನೋಡಲಿ, ಇನ್ನೊಬ್ಬರು ಅಂಕಿ ಮಾತ್ರ. ಎರಡೂ ಒಬ್ಬರಿಗೇ ಕೊಟ್ಟರೆ ಕಣ್ಣು ಕಾಗುಣಿತದ ಹಿಂದೆ ಓಡುತ್ತದೆ. ಅಂಕಿ ನೋಡುವವರು ಪ್ರತಿ ಸಂಖ್ಯೆಗೂ ಪೆನ್ಸಿಲ್ಲಿನಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ಮೂರು ವಿಷಯ ಬರೆಯಬೇಕು: ಯಾವ ಅಳತೆ, ಯಾವ ವರ್ಷ, ಎಲ್ಲಿಂದ ತೆಗೆದದ್ದು. ಮೂರರಲ್ಲಿ ಒಂದು ಖಾಲಿ ಉಳಿದರೂ ಲೇಖನ ವಾಪಸ್. ಬಡ್ಡಿ ಶೇ 4ರಿಂದ ಶೇ 6ಕ್ಕೆ ಹೋದದ್ದನ್ನು 'ಶೇ 2 ಏರಿಕೆ' ಎಂದು ಬರೆದವರಿಗೆ ಏರಿಕೆ 2 ಶೇಕಡಾ ಅಂಶ, ಅಂದರೆ ಹಳೆಯ ದರದ ಮೇಲೆ ಶೇ 50 ಎಂದು ತಿಳಿಸಿ ಹೇಳುವವರೂ ಇವರೇ. ಮುಂದೆ ಬ್ಯಾಂಕಿನಲ್ಲೋ ಸಹಕಾರ ಸಂಘದಲ್ಲೋ ಸಾಲದ ಅರ್ಜಿ ಪರಿಶೀಲಿಸುವಾಗ ಮಾಡುವುದೂ ಇದೇ ಕೆಲಸ, ಸಂಬಳ ಸಿಗುತ್ತದೆ ಅಷ್ಟೆ.

ಮುದ್ರಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪುಟಗಳನ್ನು 16ರ ಫಾರಂ (ಒಂದು ದೊಡ್ಡ ಹಾಳೆ ಮಡಿಸಿದಾಗ ಆಗುವ ಪುಟಗಳು) ಲೆಕ್ಕದಲ್ಲಿ ಯೋಜಿಸಿ, 48 ಸಾಕು. 'ನುಡಿ' ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಟೈಪಿಸಿದ್ದನ್ನು ಯೂನಿಕೋಡ್‌ಗೆ ಬದಲಿಸಿದ ಮೇಲೆ ಕೋಷ್ಟಕಗಳನ್ನು ಒಬ್ಬರು ಓದಿ, ಇನ್ನೊಬ್ಬರು ಮೂಲ ಪ್ರತಿಯಲ್ಲಿ ಗುರುತು ಹಾಕುತ್ತಾ ಬರಲಿ.

ಇಂಥ ಪತ್ರಿಕೆಗಳು ಎರಡನೇ ಸಂಚಿಕೆಗೇ ನಿಂತುಹೋಗಲು ಕಾರಣ ದುಡ್ಡೊಂದೇ ಅಲ್ಲ. ತಿದ್ದಲು ಕಲಿತ ಬ್ಯಾಚ್ ಟಿ.ಸಿ. ತೆಗೆದುಕೊಂಡು ಹೋದರೆ ಹೊಸಬರು ಸೊನ್ನೆಯಿಂದ ಶುರು ಮಾಡಬೇಕಾಗುತ್ತದೆ. ವಿಭಾಗದಲ್ಲಿ ಒಂದು ದಪ್ಪ ನೋಟ್‌ಬುಕ್ ಇಡಿ: ಯಾವ ಮಾರುಕಟ್ಟೆಯಲ್ಲಿ ಎಷ್ಟು ಕೆ.ಜಿ.ಯ ಚೀಲ, ಯಾವ ತಾಲ್ಲೂಕು ಯಾವ ವರ್ಷ ಎಲ್ಲಿಗೆ ಸೇರಿತು, ಯಾವ ಕೋಷ್ಟಕ ಯಾವ ಕಚೇರಿಯಲ್ಲಿ ಸಿಗುತ್ತದೆ.