ಕೆಚ್ಚಿಗೆ ಹೆಸರು ಕೊಟ್ಟ ಕಹಿ ಬಾಟಲಿ

ಅಮೆರಿಕನ್ನರ ಆಡುಮಾತಿನಲ್ಲಿ ‘ಮಾಕ್ಸಿ’ ಎಂದರೆ ಕೆಚ್ಚು, ಹುಮ್ಮಸ್ಸು ತುಂಬಿದ ಛಲ. ಪೆಟ್ಟಿನ ಮೇಲೆ ಪೆಟ್ಟು ತಿಂದರೂ ಮತ್ತೆ ಎದ್ದು ನಿಲ್ಲುವ ಬಾಕ್ಸರ್‌ನನ್ನು ಕಂಡು ‘ಅವನಿಗೆ ಮಾಕ್ಸಿ ಇದೆ’ ಅನ್ನುತ್ತಾರೆ. ಈ ಅರ್ಥದ ಬಳಕೆ ಮುದ್ರಣದಲ್ಲಿ ಕಾಣಿಸುವುದು 1930ರ ಸುಮಾರಿಗೆ. ಅದಕ್ಕೂ ನಾಲ್ಕು ದಶಕ ಮೊದಲಿನಿಂದಲೇ ಅದೊಂದು ಪಾನೀಯದ ಹೆಸರಾಗಿತ್ತು.

ಮೇನ್ ರಾಜ್ಯದ ಯೂನಿಯನ್ ಎಂಬ ಊರಲ್ಲಿ ಹುಟ್ಟಿದ ಆಗಸ್ಟಿನ್ ಥಾಂಪ್ಸನ್ ಮ್ಯಾಸಚೂಸೆಟ್ಸ್‌ನ ಲೋವೆಲ್‌ನಲ್ಲಿ ವೈದ್ಯನಾಗಿದ್ದ. 1880ರ ದಶಕದ ನಡುವೆ ಅವನು ಮಾರುಕಟ್ಟೆಗೆ ತಂದದ್ದು ‘ಮಾಕ್ಸಿ ನರ್ವ್ ಫುಡ್’, ಅಂದರೆ ನರಗಳಿಗೆ ಆಹಾರ. ಪಾರ್ಶ್ವವಾಯು, ಮಿದುಳಿನ ದಣಿವು, ನಿದ್ರಾಹೀನತೆ ಎಲ್ಲಕ್ಕೂ ಇದೇ ಮದ್ದು! ಲೆಫ್ಟಿನೆಂಟ್ ಮಾಕ್ಸಿ ಎಂಬವನು ಸಮಭಾಜಕ ವೃತ್ತದ ಬಳಿ ಕಂಡುಹಿಡಿದ ಗಿಡದಿಂದ ಇದನ್ನು ತಯಾರಿಸಿದ್ದೆಂದು ಪ್ರಚಾರವೂ ನಡೆಯಿತು. ಆ ಲೆಫ್ಟಿನೆಂಟ್ ಇದ್ದನೆಂಬುದಕ್ಕೆ ಪುರಾವೆಯಿಲ್ಲ. ಮೇನ್‌ನಲ್ಲಿ ಮಾಕ್ಸಿ ಹೆಸರಿನ ಕೆರೆ, ಜಲಪಾತಗಳಿವೆ; ಅಲ್ಲಿನ ಒಂದು ಕಾಡುಹಣ್ಣಿನ ಬಳ್ಳಿಗೂ ಅದೇ ಹೆಸರು. ಥಾಂಪ್ಸನ್ ತನ್ನ ತವರಿನ ಹೆಸರನ್ನೇ ಎತ್ತಿಕೊಂಡಿದ್ದಾನೆ ಎಂಬ ಊಹೆ ಹೆಚ್ಚು ನಂಬುವಂತಿದೆ.

ಪಾನೀಯದ ರುಚಿಯೂ ಪ್ರಚಾರಕ್ಕೆ ಒತ್ತಾಸೆಯಾಯಿತು. ಅದರ ಕಹಿ ಜೆನ್ಷಿಯನ್ ಎಂಬ ಗಿಡದ ಬೇರಿನದು. ಈ ಬೇರಿನಲ್ಲಿ ಹೇರಳವಾಗಿರುವ ಕಹಿವಸ್ತು ಜೆನ್ಷಿಯೋಪಿಕ್ರೋಸೈಡ್. ಅದನ್ನು 12,000 ಪಟ್ಟು ನೀರು ಬೆರೆಸಿ ತೆಳುಮಾಡಿದರೂ ನಾಲಿಗೆ ಗುರುತಿಸುತ್ತದೆ. ಜೊತೆಗೆ ಅತ್ಯಲ್ಪ ಪ್ರಮಾಣದಲ್ಲಿರುವ ಅಮರೋಜೆಂಟಿನ್ ಇನ್ನೂ ಉಗ್ರ: ಐದು ಕೋಟಿ ಎಂಬತ್ತು ಲಕ್ಷದಲ್ಲಿ ಒಂದು ಪಾಲಿದ್ದರೂ ಕಹಿ. ಬೆಂಗಳೂರಿನ 12,000 ಲೀಟರ್‌ನ ಟ್ಯಾಂಕರ್‌ಗಳು ಹೆಚ್ಚುಕಡಿಮೆ ಐದು ತುಂಬಿಸಿ ಒಂದೇ ಗ್ರಾಂ ಬೆರೆಸಿದ ಲೆಕ್ಕ. ನಮ್ಮ ಕಷಾಯದ ಕಿರಾತಕಡ್ಡಿಯೂ ಇದೇ ಸಸ್ಯಕುಟುಂಬದ್ದು. ಅದರಲ್ಲೂ ಅಮರೋಜೆಂಟಿನ್ ಇದೆ. ಕಹಿ ತಾಗಿದೊಡನೆ ಜೊಲ್ಲು, ಜಠರರಸ ಸುರಿಯುವುದರಿಂದ ಹಸಿವು ಕೆರಳಬಹುದು. ನರಗಳಿಗೆ ಬಲ ಬರುತ್ತದೆಂಬುದು ಮಾತ್ರ ಬರೀ ಬೊಗಳೆ. ಆದರೆ ಕುಡಿದವನು ಮುಖ ಕಿವುಚಿದಷ್ಟೂ ‘ಇದು ಔಷಧವೇ ಸರಿ’ ಎಂಬ ನಂಬಿಕೆ ಗಟ್ಟಿಯಾಗುತ್ತಿತ್ತು.

1906ರಲ್ಲಿ ಆಹಾರ ಮತ್ತು ಔಷಧಗಳ ಶುದ್ಧತೆಯ ಕಾನೂನು ಬಂದು, ಲೇಬಲ್‌ಗಳ ಸುಳ್ಳಿಗೆ ಕಡಿವಾಣ ಬಿತ್ತು. ‘ನರ್ವ್ ಫುಡ್’ ಎಂಬ ಮಾತು ಅಳಿಸಿಹೋಗಿ ಬರೀ ತಂಪು ಪಾನೀಯ ಉಳಿಯಿತು. ಕಂಪನಿ ಕೈಕಟ್ಟಿ ಕೂರಲಿಲ್ಲ: ಮೋಟಾರು ಗಾಡಿಯ ಮೇಲೆ ಕೃತಕ ಕುದುರೆ ನಿಲ್ಲಿಸಿ, ಚಾಲಕ ಅದರ ಬೆನ್ನೇರಿ ಸ್ಟಿಯರಿಂಗ್ ತಿರುಗಿಸುವ ‘ಹಾರ್ಸ್‌ಮೊಬೈಲ್’ಗಳನ್ನು ಬೀದಿಗಿಳಿಸಿತು.

ಬ್ರಾಂಡ್ ಹೆಸರು ಸಾಮಾನ್ಯ ಪದವಾದಾಗ ಅದು ಬಹುಮಟ್ಟಿಗೆ ಆ ಬಗೆಯ ವಸ್ತುವಿಗೇ ಅಂಟಿಕೊಳ್ಳುತ್ತದೆ. ಯಾವ ಯಂತ್ರದಲ್ಲಿ ನಕಲು ತೆಗೆದರೂ ನಮಗೆ ಅದು ‘ಝೆರಾಕ್ಸ್’. ಮಾಕ್ಸಿ ಹಾಗಾಗಲಿಲ್ಲ, ಬೇರೆ ಪಾನೀಯಗಳನ್ನು ಯಾರೂ ಮಾಕ್ಸಿ ಎಂದು ಕರೆಯಲಿಲ್ಲ. ಕುಡಿದರೆ ಸಿಗುತ್ತದೆಂದು ಜಾಹೀರಾತು ಭರವಸೆ ಕೊಟ್ಟ ಗುಣಕ್ಕೇ ಆ ಹೆಸರು ನಿಂತಿತು. ಇಂಗ್ಲಿಷಿನ ‘ನರ್ವ್’ಗೆ ನರ ಎಂಬ ಅರ್ಥದ ಜೊತೆ ಎದೆಗಾರಿಕೆ ಎಂಬ ಅರ್ಥವೂ ಇರುವುದು ಈ ಜಿಗಿತವನ್ನು ಸುಲಭ ಮಾಡಿರಬೇಕು.

ಮೇನ್ 2005ರಲ್ಲಿ ಇದನ್ನು ತನ್ನ ಅಧಿಕೃತ ತಂಪು ಪಾನೀಯವೆಂದು ಘೋಷಿಸಿತು. 2018ರಲ್ಲಿ ಬ್ರಾಂಡ್ ಕೋಕಾ-ಕೋಲಾ ಪಾಲಾಯಿತು. ಮಾರಾಟ ಈಗಲೂ ಹೆಚ್ಚಾಗಿ ಮೇನ್, ಮ್ಯಾಸಚೂಸೆಟ್ಸ್ ಸೇರಿದ ಈಶಾನ್ಯದ ನ್ಯೂ ಇಂಗ್ಲೆಂಡ್ ರಾಜ್ಯಗಳಲ್ಲೇ. ಪದ ಮಾತ್ರ ಇಡೀ ದೇಶದ್ದು.